ಜೋಡಿ ಹುಡುಕುವ ಆಟಗಳು: ಪುಟ್ಟ ಮಕ್ಕಳು ಮತ್ತು ಮನೆಮಂದಿಯೊಂದಿಗೆ ನನ್ನ ಅನುಭವ

ನಾನು ಶಿಶುವಿಹಾರವೊಂದರಲ್ಲಿ ಮೂರರಿಂದ ಐದು ವರ್ಷದ ಮಕ್ಕಳ ಶಿಕ್ಷಕಿ. ತರಗತಿಗೆ ಬೇಕಾದ ಜೋಡಿ ಹುಡುಕುವ ಆಟಗಳನ್ನು ಬಹುಮಟ್ಟಿಗೆ ನಾನೇ ತಯಾರಿಸುತ್ತೇನೆ. ಅವುಗಳಲ್ಲಿ ಕೆಲವನ್ನು ವಾರದ ಕೊನೆಯಲ್ಲಿ ಮಕ್ಕಳ ಮನೆಗಳಿಗೂ ಕಳುಹಿಸುತ್ತೇನೆ. ಹೀಗೆ ಮಾಡುತ್ತ ಬಂದಂತೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಈ ಆಟದ ಕಷ್ಟಸುಲಭಗಳು ಜೋಡಿಗಳ ಸಂಖ್ಯೆಗಿಂತ ಹೆಚ್ಚಾಗಿ ಒಂದು ಜೋಡಿಗೂ ಮತ್ತೊಂದಕ್ಕೂ ಇರುವ ವ್ಯತ್ಯಾಸವನ್ನು ಅವಲಂಬಿಸಿವೆ. ಚೆಂಡು, ಚಮಚ, ಬಾಚಣಿಗೆ, ಬೀಗದ ಕೈ ಮುಂತಾದವುಗಳ ಹತ್ತು ಜೋಡಿಗಳನ್ನು ಹರಡಿಟ್ಟರೂ ಮೂರು ವರ್ಷದ ಮಗು ಬೇಸರವಿಲ್ಲದೆ ಜೊತೆಗೂಡಿಸುತ್ತದೆ. ಮೂರೇ ಮೂರು ಜೋಡಿ ಚಿಟ್ಟೆಗಳ ಚಿತ್ರವಿದ್ದು, ಅವು ರೆಕ್ಕೆಯ ಚುಕ್ಕೆಗಳಲ್ಲಿ ಮಾತ್ರ ಭಿನ್ನವಾಗಿದ್ದರೆ ಐದು ವರ್ಷದ ಮಗುವೂ ತಡವರಿಸುತ್ತದೆ.

ಆದ್ದರಿಂದ ಹೊಸ ಮಗುವಿನೊಂದಿಗೆ ನಾನು ಚಿತ್ರಗಳಿಂದ ಆರಂಭಿಸುವುದಿಲ್ಲ, ಕೈಯಲ್ಲಿ ಹಿಡಿಯಬಹುದಾದ ವಸ್ತುಗಳಿಂದ ಆರಂಭಿಸುತ್ತೇನೆ. ಮನೆಯಲ್ಲಿ ಇದಕ್ಕೆ ಏನನ್ನೂ ಕೊಳ್ಳಬೇಕಾಗಿಲ್ಲ. ಒಗೆದು ಒಣಗಿಸಿದ ಕಾಲುಚೀಲಗಳ ರಾಶಿ, ಬೇರೆ ಬೇರೆ ಅಳತೆಯ ಡಬ್ಬಿಗಳು ಮತ್ತು ಅವುಗಳ ಮುಚ್ಚಳಗಳು, ಅಂಗಳದಲ್ಲಿ ಬಿದ್ದ ಎಲೆಗಳು ಸಾಕು. ಇವುಗಳಲ್ಲಿ ಡಬ್ಬಿ ಮತ್ತು ಮುಚ್ಚಳದ ಆಟವೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಅಲ್ಲಿ ತಪ್ಪನ್ನು ಯಾರೂ ಹೇಳಿ ತೋರಿಸಬೇಕಾಗಿಲ್ಲ. ಅಳತೆ ಸರಿಯಿಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ, ಅಷ್ಟೆ. 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ ಅವರು ತಮ್ಮ ಕಲಿಕಾ ಸಾಮಗ್ರಿಗಳಲ್ಲಿ ಬಹಳ ಒತ್ತು ಕೊಟ್ಟದ್ದು ಈ ಗುಣಕ್ಕೇ: ತಪ್ಪನ್ನು ತಿಳಿಸುವ ಕೆಲಸ ಸಾಮಗ್ರಿಯದ್ದಾಗಬೇಕು, ಹಿರಿಯರದ್ದಾಗಬಾರದು. ಒಂದು ಮಗು ದೊಡ್ಡ ಮುಚ್ಚಳವನ್ನು ಸಣ್ಣ ಡಬ್ಬಿಯ ಮೇಲಿಟ್ಟು, ಅದು ಜಾರಿದಾಗ ತಿರುಗಿಸಿ ಇಟ್ಟು, ಮತ್ತೆ ಜಾರಿದಾಗ ಅಂಗೈಯಿಂದ ಒತ್ತಿ ಹಿಡಿದು, ಕೊನೆಗೆ ಮುಚ್ಚಳದ ಅಂಚನ್ನೂ ಡಬ್ಬಿಯ ಬಾಯಿಯನ್ನೂ ಬೆರಳಿನಿಂದ ಒಂದಾದ ಮೇಲೊಂದರಂತೆ ಸವರಿ ನೋಡಿತು. ಆ ಹೊತ್ತಿಗೆ ನಾನು ಬಾಯಿ ಹಾಕಿ ಸರಿಯಾದ ಮುಚ್ಚಳವನ್ನು ಎತ್ತಿಕೊಟ್ಟಿದ್ದರೆ, ಆ ಸವರಿ ನೋಡುವ ಕೆಲಸವೇ ನಡೆಯುತ್ತಿರಲಿಲ್ಲ.

ವಸ್ತುವಿಗೆ ವಸ್ತುವನ್ನು ಕೂಡಿಸುವುದು ಸಲೀಸಾದ ಮೇಲೆ ವಸ್ತುವಿಗೆ ಚಿತ್ರವನ್ನು, ಆಮೇಲೆ ಚಿತ್ರಕ್ಕೆ ಚಿತ್ರವನ್ನು ಕೂಡಿಸುವ ಹಂತಗಳು ಬರುತ್ತವೆ. ನಡುವಿನ ಹಂತವನ್ನು ಅನೇಕರು ಹಾರಿಸಿಬಿಡುತ್ತಾರೆ, ಆದರೆ ನನ್ನ ಮಟ್ಟಿಗೆ ಅದು ಬಹಳ ಮುಖ್ಯವಾದದ್ದು. ಚಪ್ಪಟೆಯಾದ ಕಾಗದದ ಮೇಲಿನ ಸಣ್ಣ ಗುರುತು ತನ್ನ ಕೈಯಲ್ಲಿರುವ ತೂಕವುಳ್ಳ ಚಮಚವನ್ನೇ ಸೂಚಿಸುತ್ತದೆ ಎಂದು ಒಪ್ಪಿಕೊಳ್ಳುವುದು ಪುಟ್ಟ ಮಗುವಿಗೆ ಸಣ್ಣ ಕೆಲಸವಲ್ಲ. ಹೀಗಾಗಿ ಮೊದಲಿಗೆ ವಸ್ತುವನ್ನು ಕಾಗದದ ಮೇಲಿಟ್ಟು, ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ನಿಜವಾದ ಅಳತೆಯ ನೆರಳಿನಂಥ ಆಕೃತಿಯನ್ನು ಮಾಡಿಕೊಡುತ್ತೇನೆ. ಮಗು ವಸ್ತುವನ್ನು ಆ ಗೆರೆಯೊಳಗೆ ಇಟ್ಟು ನೋಡಬಹುದು, ಆದ್ದರಿಂದ ಇಲ್ಲಿಯೂ ತಪ್ಪು ತಾನಾಗಿಯೇ ಕಾಣುತ್ತದೆ. ಅದರ ನಂತರ ವಸ್ತುವಿನ ಛಾಯಾಚಿತ್ರ, ಕೊನೆಯಲ್ಲಿ ಸಣ್ಣದಾಗಿ ಬರೆದ ಚಿತ್ರ. ಕಾರ್ಡುಗಳಿಗೆ ಖಾಲಿ ಪೆಟ್ಟಿಗೆಗಳ ದಪ್ಪ ರಟ್ಟನ್ನು ಕತ್ತರಿಸಿಕೊಳ್ಳುತ್ತೇನೆ. ತೆಳ್ಳನೆಯ ಕಾಗದವನ್ನು ನೆಲದಿಂದ ಎತ್ತಿಕೊಳ್ಳಲು ಸಣ್ಣ ಬೆರಳುಗಳಿಗೆ ಆಗುವುದಿಲ್ಲ.

ಬಣ್ಣಗಳ ವಿಷಯದಲ್ಲಿ ಪೋಷಕರಿಗೆ ನಾನು ಮತ್ತೆ ಮತ್ತೆ ಹೇಳಬೇಕಾದ ಮಾತೊಂದಿದೆ. ಬಣ್ಣವನ್ನು ಜೊತೆಗೂಡಿಸುವುದು ಬೇರೆ, ಅದರ ಹೆಸರು ಹೇಳುವುದು ಬೇರೆ; ಮೊದಲನೆಯದು ಸಾಮಾನ್ಯವಾಗಿ ಎಷ್ಟೋ ಮುಂಚೆ ಬರುತ್ತದೆ. ಕೆಂಪು ಗುಂಡಿಯನ್ನು ಕೆಂಪು ಗುಂಡಿಯ ಪಕ್ಕದಲ್ಲೇ ಇಡುವ ಮಗು, ಕೇಳಿದಾಗ ಅದನ್ನು 'ನೀಲಿ' ಎಂದು ಹೇಳಿದರೆ ಆತಂಕಕ್ಕೆ ಕಾರಣವಿಲ್ಲ. ಹೆಸರು ಕಲಿಸಲು ನಾನು ಬಳಸುವುದು ಫ್ರಾನ್ಸಿನ ವೈದ್ಯ ಎದುವಾರ್ ಸೆಗ್ಯಾನ್ ಅವರಿಂದ ಮಾಂಟೆಸ್ಸೊರಿ ಪಡೆದುಕೊಂಡ ಮೂರು ಹೆಜ್ಜೆಗಳ ಕ್ರಮವನ್ನು: ಮೊದಲು 'ಇದು ಕೆಂಪು' ಎಂದು ತಿಳಿಸುವುದು, ಬಳಿಕ 'ಕೆಂಪು ಯಾವುದು, ತೋರಿಸು ಪುಟ್ಟಾ' ಎಂದು ಕೇಳುವುದು, ಎಲ್ಲಕ್ಕೂ ಕೊನೆಯಲ್ಲಿ 'ಇದು ಯಾವ ಬಣ್ಣ?' ಎನ್ನುವುದು. ಮನೆಗಳಲ್ಲಿ ಬಹುಪಾಲು ಮೂರನೆಯ ಪ್ರಶ್ನೆಯಿಂದಲೇ ಆಟ ಶುರುವಾಗಿ, ಅದು ಪರೀಕ್ಷೆಯಾಗಿ ಮಾರ್ಪಡುತ್ತದೆ. ಹೆಸರು ಹೇಳುವುದಿರಲಿ, ಜೊತೆಗೂಡಿಸುವಾಗಲೇ ಮಗು ಕೆಂಪು ಮತ್ತು ಹಸಿರನ್ನು, ಇಲ್ಲವೇ ಹಸಿರು ಮತ್ತು ಕಂದು ಬಣ್ಣವನ್ನು ಪದೇ ಪದೇ ಬೆರೆಸುತ್ತಿದ್ದರೆ ಕಣ್ಣಿನ ವೈದ್ಯರಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು; ಹುಟ್ಟಿನಿಂದ ಬರುವ ಈ ಬಗೆಯ ಬಣ್ಣಗುರುಡು ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಬಹಳ ಹೆಚ್ಚು. ಇದೇ ಕಾರಣಕ್ಕೆ ನನ್ನ ಕಾರ್ಡುಗಳಲ್ಲಿ ಬಣ್ಣವೊಂದೇ ಗುರುತಾಗಿ ಇರುವುದು ಅಪರೂಪ, ಅದರ ಜೊತೆಗೆ ಆಕಾರವೋ ಗೆರೆಯೋ ಬೇರೆಯಾಗಿರುತ್ತದೆ.

ನಾಲ್ಕು ವರ್ಷ ದಾಟಿದವರೊಂದಿಗೆ ನಾನು ಆಡುವ ಆಟ ಇನ್ನೊಂದಿದೆ, ನನ್ನ ಪಾಲಿಗೆ ಇದೇ ಎಲ್ಲಕ್ಕಿಂತ ಸ್ವಾರಸ್ಯದ್ದು. ಕೆಂಪು ದೋಣಿ, ನೀಲಿ ದೋಣಿ, ಕೆಂಪು ಮೊಲ, ನೀಲಿ ಮೊಲ ಎಂಬಂತೆ ಕಾರ್ಡುಗಳನ್ನು ಮಾಡಿಕೊಂಡು, ಮೊದಲು ಬಣ್ಣದ ಪ್ರಕಾರ ಜೊತೆ ಮಾಡಿಸುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ 'ಈಗ ಬಣ್ಣ ಬೇಡ, ಆಕಾರ ನೋಡಿ ಕೂಡಿಸೋಣ' ಎನ್ನುತ್ತೇನೆ. ಮನೋವಿಜ್ಞಾನಿ ಫಿಲಿಪ್ ಝೆಲಾಝೊ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇಂಥದ್ದೇ ಕಾರ್ಡುಗಳಿಂದ ನಡೆಸಿದ ಪ್ರಯೋಗಗಳಲ್ಲಿ, ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ನಿಯಮ ಬದಲಾದ ಮೇಲೂ ಹಳೆಯ ನಿಯಮದಂತೆಯೇ ಕಾರ್ಡುಗಳನ್ನು ಇಡುತ್ತಿದ್ದರು. ಐದು ವರ್ಷದ ಹೊತ್ತಿಗೆ ಹೆಚ್ಚಿನವರು ಸಲೀಸಾಗಿ ಬದಲಾಯಿಸಿಕೊಳ್ಳುತ್ತಿದ್ದರು. ಹೊಸ ನಿಯಮವೇನೆಂದು ಕೇಳಿದರೆ ಚಿಕ್ಕವರೂ ಬಾಯಲ್ಲಿ ಸರಿಯಾಗಿಯೇ ಹೇಳುತ್ತಿದ್ದರಂತೆ, ಕೈ ಮಾತ್ರ ಹಳೆಯ ದಾರಿಯಲ್ಲೇ ಹೋಗುತ್ತಿತ್ತಂತೆ. ನನ್ನ ತರಗತಿಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. 'ಮೊಲ ಎಲ್ಲಿಗೆ ಹೋಗಬೇಕು?' ಎಂದರೆ ಮೊಲದ ಕಡೆಗೆ ಬೆರಳು ತೋರಿಸಿದ ಮಗು, ಕಾರ್ಡ್ ಕೈಗೆ ಬಂದೊಡನೆ ಅದನ್ನು ಕೆಂಪು ದೋಣಿಯ ಬಳಿ ಇಟ್ಟುಬಿಡುತ್ತದೆ. ಇದನ್ನು ಹಟವೆಂದೋ ಗಮನವಿಲ್ಲದಿರುವಿಕೆಯೆಂದೋ ತಿಳಿದು ಗದರುವ ತಂದೆತಾಯಿಯರಿಗೆ, ಮಗುವಿನ ವಯಸ್ಸೇ ಇದಕ್ಕೆ ಕಾರಣವೆಂದು ವಿವರಿಸಿದರೆ ನಿರಾಳವಾಗುತ್ತದೆ.

ಇನ್ನು ಎಲ್ಲರಿಗೂ ಗೊತ್ತಿರುವ, ಕಾರ್ಡುಗಳನ್ನು ಕವುಚಿಟ್ಟು ಎರಡೆರಡನ್ನು ತೆರೆದು ಜೋಡಿ ಹುಡುಕುವ ಆಟ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಆಡಲು ಇದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ, ಆದರೆ ಹಿರಿಯರ ಅಳತೆಗೆ ಮಾಡಿದ ಆಟವನ್ನು ಹಾಗೆಯೇ ಕಿರಿಯರ ಮುಂದಿಟ್ಟರೆ ಅದು ಸಾಗುವುದಿಲ್ಲ. ಮೂರು ವರ್ಷದವರಿಗೆ ನಾನು ಪ್ರತಿ ಜೋಡಿಯ ಒಂದು ಕಾರ್ಡನ್ನು ತೆರೆದಿಟ್ಟು, ಇನ್ನೊಂದನ್ನು ಮಾತ್ರ ಕವುಚಿಡುತ್ತೇನೆ. ಹೀಗೆ ಮಾಡಿದರೆ ನೆನಪಿನ ಹೊರೆ ಬಹಳ ಇಳಿಯುತ್ತದೆ. ಎಲ್ಲವನ್ನೂ ಕವುಚಿಡುವ ಹಂತಕ್ಕೆ ಬಂದಾಗ ಆರು ಜೋಡಿಗಳನ್ನು ಮೂರು ಸಾಲುಗಳಲ್ಲಿ ನಾಲ್ಕು ನಾಲ್ಕರಂತೆ ನೇರವಾಗಿ ಜೋಡಿಸುತ್ತೇನೆ. ಗೆದ್ದ ಜೋಡಿಯನ್ನು ತೆಗೆದ ಜಾಗ ಖಾಲಿಯಾಗಿಯೇ ಉಳಿಯಬೇಕು, ಉಳಿದ ಕಾರ್ಡುಗಳನ್ನು ಹತ್ತಿರಕ್ಕೆ ಸರಿಸಬಾರದು, ಏಕೆಂದರೆ ಮಕ್ಕಳು ಚಿತ್ರವನ್ನು ಅದರ ಜಾಗದ ಜೊತೆಗೇ ನೆನಪಿಟ್ಟುಕೊಂಡಿರುತ್ತಾರೆ. ತರಗತಿಗೆ ಬಂದಿದ್ದ ಅಜ್ಜನೊಬ್ಬರು ಕಾರ್ಡನ್ನು ಕವುಚಿ ಇಡುವಾಗ ಅದು ಸಾಲಿನಿಂದ ಒಂದು ಬೆರಳಿನಷ್ಟು ಆಚೆ ಸರಿದಿತ್ತು; ಮೊಮ್ಮಗಳು ತನ್ನ ಸರದಿಯನ್ನೂ ಮರೆತು, 'ಅಜ್ಜಾ, ಅದರ ಜಾಗ ಇಲ್ಲಿ' ಎಂದು ಅದನ್ನು ತಳ್ಳಿ ನೇರ ಮಾಡಿದ ಮೇಲೆಯೇ ಆಟ ಮುಂದುವರಿಯಿತು.

ತೆರೆದ ಚಿತ್ರದ ಹೆಸರನ್ನು ಎಲ್ಲರೂ ಗಟ್ಟಿಯಾಗಿ ಹೇಳಬೇಕೆಂಬುದು ನಾನು ಸೇರಿಸಿಕೊಂಡ ನಿಯಮ. ಪುಟ್ಟ ಮಕ್ಕಳು ಕಾರ್ಡನ್ನು ಎದೆಗೆ ಅವುಚಿಕೊಂಡು ತಾವೊಬ್ಬರೇ ನೋಡಿ ತಟ್ಟನೆ ಮಗುಚಿಬಿಡುತ್ತಾರೆ. ಹೆಸರು ಹೇಳಬೇಕೆಂದಾಗ ಕಾರ್ಡ್ ಎಲ್ಲರ ಕಣ್ಣಿಗೆ ಬೀಳುವಷ್ಟು ಹೊತ್ತು ತೆರೆದಿರುತ್ತದೆ, ಅದರೊಂದಿಗೆ ಮಾತೂ ಬೆಳೆಯುತ್ತದೆ. ಹಿರಿಯರು ಬೇಕೆಂದೇ ಸೋಲುವುದು ನನಗೆ ಒಪ್ಪಿಗೆಯಿಲ್ಲ, ನಾಲ್ಕು ವರ್ಷದ ಮಕ್ಕಳೂ ಎಷ್ಟೋ ಸಲ ಅದನ್ನು ಕಂಡುಹಿಡಿಯುತ್ತಾರೆ. ಅದಕ್ಕೆ ಬದಲಾಗಿ ಜೋಡಿ ಸಿಕ್ಕಿದ ಮಗುವಿಗೆ ಇನ್ನೊಂದು ಸರದಿ, ಹಿರಿಯರಿಗೆ ಆ ಅವಕಾಶವಿಲ್ಲ ಎಂದು ಮೊದಲೇ ಬಹಿರಂಗವಾಗಿ ಗೊತ್ತುಮಾಡಿಕೊಂಡರೆ ಯಾರೂ ನಟಿಸಬೇಕಾಗಿಲ್ಲ. ಸೋಲನ್ನು ಸಹಿಸದ ಮಗುವಿದ್ದ ಮನೆಯಲ್ಲಿ ಸಿಕ್ಕ ಜೋಡಿಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ, ಎಲ್ಲರೂ ಸೇರಿ ನೆಲವನ್ನು ಖಾಲಿ ಮಾಡುವ ಆಟವಾಗಿ ಅದನ್ನು ತಿರುಗಿಸಿಕೊಳ್ಳಬಹುದು.

ಕಿವಿಯಿಂದಲೂ ಜೋಡಿ ಹುಡುಕಬಹುದು. ಒಳಗಿನದು ಕಾಣದ ಒಂದೇ ಬಗೆಯ ಡಬ್ಬಿಗಳಲ್ಲಿ ಎರಡೆರಡಕ್ಕೆ ಮರಳು, ಸಣ್ಣ ಕಲ್ಲು, ಮರದ ಚೂರು ಹಾಕಿ ಅಲುಗಾಡಿಸಿ ಕೇಳುವ ಆಟವದು. ಡಬ್ಬಿಯ ಮುಚ್ಚಳಕ್ಕೆ ಅಂಟು ಹಾಕಿ ಭದ್ರ ಮಾಡಿರಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಗು ಮನೆಯಲ್ಲಿದ್ದರೆ ಗುಂಡಿ, ಕಲ್ಲುಗಳನ್ನು ಬಿಡಿಯಾಗಿ ಆಟಕ್ಕೆ ಬಳಸಲೇಬಾರದು; ಗುಂಡಿಯಾಕಾರದ ಬ್ಯಾಟರಿಗಳಂತೂ ಯಾವ ವಯಸ್ಸಿನವರ ಆಟದ ಡಬ್ಬಿಯಲ್ಲೂ ಇರಕೂಡದು.

ಮನೆಗೆ ಕಳುಹಿಸುವ ಪ್ರತಿ ಆಟವನ್ನೂ ಬಟ್ಟೆಯ ಚೀಲದಲ್ಲಿ ಹಾಕಿ, ಜೋಡಿಗಳೆಷ್ಟು ಎಂದು ಚೀಲದ ಮೇಲೆ ಬರೆದಿರುತ್ತೇನೆ. ಹಿಂದಿರುಗಿಸುವ ಮೊದಲು ಎಣಿಸಿ ತುಂಬುವುದು ಮಗುವಿನ ಕೆಲಸ. ಕಾರ್ಡೊಂದು ಕಳೆದುಹೋದರೆ ಅದರ ಜೊತೆಯದನ್ನೂ ಕಟ್ಟಿನಿಂದ ತೆಗೆದಿಡುತ್ತೇನೆ, ಏಕೆಂದರೆ ಇಲ್ಲದ ಜೊತೆಗಾಗಿ ಹುಡುಕುತ್ತ ಕೂತ ಮಗು ತನ್ನದೇ ತಪ್ಪೆಂದು ಭಾವಿಸಿಕೊಳ್ಳುತ್ತದೆ. ಹೊಸದನ್ನು ಬರೆಯುವಾಗ ಎರಡನ್ನೂ ಹೊಸದಾಗಿಯೇ ಮಾಡುತ್ತೇನೆ. ಒಂದು ಹಳತು, ಒಂದು ಹೊಸತಾದರೆ ಮಕ್ಕಳು ಬೆನ್ನಿನ ಕೊಳೆ ನೋಡಿಯೇ ಕಾರ್ಡನ್ನು ಗುರುತಿಸಿಬಿಡುತ್ತಾರೆ.