ಮೆಟಿಯೋರಾದ ಬಂಡೆಮಠಗಳಿಗೆ ಹೊರಡುವ ಮುನ್ನ: ಮಂಗಳೂರು-ಉಡುಪಿಯವರಿಗೆ

ಗ್ರೀಸ್‌ನ ಬಂಡೆಗಳ ನೆತ್ತಿಯ ಕ್ರೈಸ್ತ ಮಠಗಳ ತಾಣ ಮೆಟಿಯೋರಾಕ್ಕೆ ಹೊರಡುವವರು ಹೆಚ್ಚಾಗಿ ವಿಮಾನದ ಟಿಕೆಟ್ ಎಂದು ಅಗ್ಗವೋ ಅಂದಿಗೆ ದಿನ ಗೊತ್ತುಮಾಡುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಮೊದಲು ನೋಡಬೇಕಾದ್ದು ಮಠಗಳ ರಜೆ. ಒಂದು ಕಾಲಕ್ಕೆ ಇಪ್ಪತ್ತನಾಲ್ಕಿದ್ದ ಮಠಗಳಲ್ಲಿ ಈಗ ಆರರಲ್ಲಿ ಮಾತ್ರ ಸನ್ಯಾಸಿ-ಸನ್ಯಾಸಿನಿಯರಿದ್ದಾರೆ. ಬೇಸಗೆಯಲ್ಲಿ ಸೋಮವಾರ ಸಂತ ಸ್ಟೀಫನ್, ಮಂಗಳವಾರ ಗ್ರೇಟ್ ಮೆಟಿಯೋರಾನ್, ಬುಧವಾರ ರೂಸಾನು, ಗುರುವಾರ ಹೋಲಿ ಟ್ರಿನಿಟಿ, ಶುಕ್ರವಾರ ವಾರ್ಲಾಮ್ ಬಾಗಿಲು ಹಾಕುವುದು ರೂಢಿ. ಚಳಿಗಾಲದಲ್ಲಿ ರಜೆ ಹೆಚ್ಚು, ತೆರೆದಿರುವ ಹೊತ್ತು ಕಡಿಮೆ. ಈ ಪಟ್ಟಿ ಬದಲಾಗುವುದೂ ಉಂಟು. ಹಾಗಾಗಿ ಟಿಕೆಟ್‌ಗೆ ಹಣ ಕಟ್ಟುವ ಮೊದಲು ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.

ಬಂಡೆಗಳ ಬುಡದ ಪಟ್ಟಣ ಕಲಂಬಾಕಾದಲ್ಲೋ ಪಕ್ಕದ ಹಳ್ಳಿ ಕಸ್ತ್ರಾಕಿಯಲ್ಲೋ ಎರಡು ರಾತ್ರಿ ಉಳಿದರೆ ಈ ತೊಡಕು ಬಿಡಿಸಿಕೊಳ್ಳುತ್ತದೆ. ಗುರುವಾರ ಮುಚ್ಚಿದ್ದು ಶುಕ್ರವಾರ ತೆರೆದಿರುತ್ತದೆ. ಅಥೆನ್ಸ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಟೂರ್ ನಮ್ಮ ದೃಷ್ಟಿಯಲ್ಲಿ ದಂಡ. ಹತ್ತಿರಹತ್ತಿರ 350 ಕಿಲೋಮೀಟರ್ ದಾರಿ, ಹೋಗಿಬರುವುದರಲ್ಲೇ ಹಗಲು ಮುಗಿಯುತ್ತದೆ.

ತಿಂಗಳು ಆರಿಸುವಾಗ ಏಪ್ರಿಲ್‌ನಿಂದ ಜೂನ್, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಆರ್ಥೊಡಾಕ್ಸ್ ಈಸ್ಟರ್ ವಾರದಲ್ಲಿ ಜನಸಂದಣಿ, ಸಮಯವೂ ಅದಲುಬದಲು. ಅದನ್ನು ತಪ್ಪಿಸಲು ನಮ್ಮೂರ ಇಗರ್ಜಿಯ ಕ್ಯಾಲೆಂಡರ್ ನೋಡಿದರೆ ಆಗದು. ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್ ಲೆಕ್ಕವನ್ನು ಹಳೆಯ ಜೂಲಿಯನ್ ಪಂಚಾಂಗದಂತೆ ಹಾಕುತ್ತಾರೆ. 2027ರಲ್ಲಿ ಇಲ್ಲಿನ ಈಸ್ಟರ್ ಮಾರ್ಚ್ 28ಕ್ಕೆ, ಅಲ್ಲಿಯದು ಮೇ 2ಕ್ಕೆ.

ದಿನ ನಿಂತ ಮೇಲೆ ಷೆಂಗೆನ್ ವೀಸಾ, ಅಂದರೆ ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಹೊರಡುವುದಕ್ಕೆ ಹದಿನೈದು ದಿನ ಮುಂಚೆ ಕೊನೆಯ ಗಡುವು, ಆದರೆ ಎರಡು ತಿಂಗಳಾದರೂ ಕೈಯಲ್ಲಿರಲಿ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳಿದ ನಂತರ ಮೂರು ತಿಂಗಳು ಸಿಂಧುವಾಗಿರಬೇಕು, ಎರಡು ಹಾಳೆ ಖಾಲಿ ಇರಬೇಕು. 30,000 ಯುರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ದೊಡ್ಡವರಿಗೆ ಶುಲ್ಕ 90 ಯುರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಹೋಟೆಲ್ ಬುಕಿಂಗ್, ವಿಮಾನದ ದಿನಾಂಕ, ವಿಮೆಯ ಅವಧಿ ಮೂರೂ ಒಂದಕ್ಕೊಂದು ಕೂಡಬೇಕು. ಒಂದು ರಾತ್ರಿಯ ವಸತಿ ಬಿಟ್ಟುಹೋದರೂ ಪ್ರಶ್ನೆ ಏಳುತ್ತದೆ. ಬೆರಳಚ್ಚಿಗೆ ಬೆಂಗಳೂರಿಗೆ ಹೋಗಬೇಕಾದವರು ಮಳೆಗಾಲವಾದರೆ ಒಂದು ದಿನ ಮೊದಲೇ ತಲುಪಿ. ಶಿರಾಡಿಯಲ್ಲಿ ಗುಡ್ಡ ಜರಿದರೆ ಅಪಾಯಿಂಟ್‌ಮೆಂಟ್ ಕಾಯುವುದಿಲ್ಲ.

ಬಜ್ಪೆಯಿಂದ ಅಥೆನ್ಸ್‌ಗೆ ನೇರ ವಿಮಾನವಿಲ್ಲ. ದುಬೈ ಅಥವಾ ಅಬುಧಾಬಿ ದಾರಿ ಹಿಡಿಯುವವರು ಗಮನಿಸಿ: ಎರಡು ಬೇರೆಬೇರೆ ಟಿಕೆಟ್ ಮಾಡಿದರೆ ಲಗೇಜ್ ಅಲ್ಲೇ ಹೊರಗೆ ಬಿಡಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು. ಹೊರಗೆ ಬರಲು ಅಲ್ಲಿನ ವೀಸಾ ಬೇಕು. ಸ್ವಲ್ಪ ದುಬಾರಿಯಾದರೂ ಇಡೀ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿರಲಿ.

ಅಥೆನ್ಸ್ ವಿಮಾನನಿಲ್ದಾಣದಿಂದ ಎಕ್ಸ್93 ಬಸ್ ಲಿಯೋಸಿಯೋನ್ ಬಸ್ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿಂದ ಊರೂರಿಗೆ ಓಡುವ ಕೆಟೆಲ್ ಬಸ್‌ನಲ್ಲಿ ತ್ರಿಕಲಾ, ಸುಮಾರು ಐದು ಗಂಟೆ. ತ್ರಿಕಲಾದಿಂದ ಕಲಂಬಾಕಾ ಅರ್ಧ ಗಂಟೆ. 2023ರ ಸೆಪ್ಟೆಂಬರ್‌ನ ಡೇನಿಯಲ್ ಚಂಡಮಾರುತದ ನೆರೆಗೆ ಈ ಭಾಗದ ರೈಲುಹಳಿ ಕಿತ್ತುಹೋಗಿತ್ತು. ರೈಲೇ ಬೇಕೆನ್ನುವವರು ಕಲಂಬಾಕಾದವರೆಗೂ ರೈಲೇ ಇದೆಯೇ, ನಡುವೆ ಬಸ್‌ಗೆ ಹತ್ತಿಸುತ್ತಾರೆಯೇ ಎಂದು ನೋಡಿ ಟಿಕೆಟ್ ತೆಗೆಯಿರಿ.

ಮೊದಲ ಬೆಳಿಗ್ಗೆ ಗ್ರೇಟ್ ಮೆಟಿಯೋರಾನ್. ಬಾಗಿಲು ತೆರೆಯುವಾಗಲೇ ಅಲ್ಲಿರಿ, ಟೂರ್ ಬಸ್‌ಗಳು ಬಂದ ಮೇಲೆ ಮೆಟ್ಟಿಲಿನಲ್ಲೇ ಸಾಲು. ಹೊಗೆ ಹಿಡಿದು ಕಪ್ಪಾದ ಹಳೆಯ ಅಡುಗೆಮನೆ, ಕಪಾಟಿನಲ್ಲಿ ಸಾಲಾಗಿಟ್ಟ ಹಿಂದಿನ ಸನ್ಯಾಸಿಗಳ ತಲೆಬುರುಡೆ, ಎಲ್ಲ ನೋಡಲು ಎರಡು ಗಂಟೆ ಬೇಕು. ಹತ್ತಿರದ ವಾರ್ಲಾಮ್‌ಗೆ ನಡೆದೇ ಹೋಗಬಹುದು. ಅಲ್ಲಿ 12,000 ಲೀಟರ್ ಹಿಡಿಯುವ ಮರದ ಪೀಪಾಯಿ ಇದೆ, ಮಳೆನೀರು ತುಂಬಿಡುತ್ತಿದ್ದದ್ದು. ಜನರನ್ನೂ ಸಾಮಾನನ್ನೂ ಬಲೆಯಲ್ಲಿ ಮೇಲೆಳೆಯುತ್ತಿದ್ದ ರಾಟೆಯನ್ನೂ ತಪ್ಪದೆ ನೋಡಿ. ಆಮೇಲೆ ಇಳಿದಾರಿಯಲ್ಲಿ ರೂಸಾನು. ಮರುದಿನ ಸಂತ ನಿಕೊಲಾಸ್‌ನಿಂದ ಶುರುಮಾಡಿ. ಕ್ರೀಟ್‌ನ ಥಿಯೋಫನಿಸ್ 1527ರಲ್ಲಿ ಬರೆದ ಭಿತ್ತಿಚಿತ್ರಗಳು ಅಂಗೈಯಗಲದ ಗುಡಿಯಲ್ಲಿವೆ. ನಾಲ್ಕಾರು ಜನ ಒಳಗಿದ್ದರೂ ಕಾಣಿಸುವುದಿಲ್ಲ. ಬಳಿಕ ಹೋಲಿ ಟ್ರಿನಿಟಿ, ಕೊನೆಗೆ ಸಂತ ಸ್ಟೀಫನ್. ಸ್ಟೀಫನ್ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆಯವರೆಗೆ ಮುಚ್ಚುವ ರೂಢಿಯಿದೆ.

ಗ್ರೇಟ್ ಮೆಟಿಯೋರಾನ್‌ಗೆ ಮುನ್ನೂರರ ಆಸುಪಾಸು ಮೆಟ್ಟಿಲು. ಕಾರ್ಕಳದ ಗೊಮ್ಮಟಬೆಟ್ಟ ಹತ್ತಿಳಿದು ಮರುದಿನ ಮಂಡಿ ನೋಯದಿದ್ದರೆ ಯೋಚನೆ ಬೇಡ. ಹತ್ತಲಾಗದ ಹಿರಿಯರಿಗೆ ಸ್ಟೀಫನ್ ಇದೆ, ರಸ್ತೆಯಿಂದ ಪುಟ್ಟ ಸೇತುವೆ ದಾಟಿದರೆ ಒಳಗೆ. ಮಳೆ ಬಿದ್ದ ದಿನ ಕಾಲುದಾರಿ ಬಿಟ್ಟು ಟ್ಯಾಕ್ಸಿ ಹಿಡಿಯಿರಿ, ನುಣುಪುಗಲ್ಲು ಜಾರುತ್ತದೆ.

ಉಡುಪಿಯ ಕೃಷ್ಣಮಠದಲ್ಲಿ ಗಂಡಸರು ಅಂಗಿ ತೆಗೆಯಬೇಕು; ಮೆಟಿಯೋರಾದಲ್ಲಿ ತೋಳಿಲ್ಲದ ಅಂಗಿಗೂ ಚಡ್ಡಿಗೂ ಪ್ರವೇಶವಿಲ್ಲ. ಹೆಂಗಸರಿಗೆ ಮಂಡಿ ಮುಚ್ಚುವ ಲಂಗ ಬೇಕು, ಪ್ಯಾಂಟ್ ನಡೆಯದು. ಬಾಗಿಲಲ್ಲಿ ಸುತ್ತಿಕೊಳ್ಳುವ ಬಟ್ಟೆ ಕೊಡುತ್ತಾರೆ, ಆದರೂ ಚೂಡಿದಾರದವರು ಒಂದು ತೆಳು ಲಂಗ ಚೀಲದಲ್ಲಿಟ್ಟುಕೊಳ್ಳಿ. ಸೀರೆಯವರು ಸೆರಗನ್ನು ಹೆಗಲ ತುಂಬ ಹೊದೆಯಲಿ. ಗುಡಿಯೊಳಗೆ ಫೋಟೋ ತೆಗೆಯುವಂತಿಲ್ಲ. ಪ್ರತಿ ಮಠದ ಬಾಗಿಲಲ್ಲೂ ಬೇರೆ ಟಿಕೆಟ್, ಆದ್ದರಿಂದ ಚಿಲ್ಲರೆ ಯುರೋ ನಗದಾಗಿರಲಿ.

ಸಸ್ಯಾಹಾರಿಗಳು ಹೋಟೆಲ್‌ಗಳಲ್ಲಿ 'ನಿಸ್ತಿಸಿಮಾ' ಎಂದು ಕೇಳಿದರೆ ಉಪವಾಸದ ಅಡುಗೆ ಸಿಗುತ್ತದೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಬೊಂಡಾಸ್ ಉಪವಾಸಕ್ಕೆ ಅಲ್ಲಿ ನಿಷಿದ್ಧವಲ್ಲ, ಅದನ್ನು ಬಿಡಿಸಿ ಕೇಳಿ. ಟೊಮೆಟೊದಲ್ಲಿ ಬೆಂದ ದೊಡ್ಡ ಬೀನ್ಸ್‌ನ 'ಗಿಗಾಂತೆಸ್' ಮತ್ತು 'ಫಸೋಲಾದಾ' ಸಾರು ಒಳ್ಳೆಯ ಆಯ್ಕೆ. 'ಗೆಮಿಸ್ತಾ' ಎಂಬ ಅನ್ನ ತುಂಬಿದ ಟೊಮೆಟೊದಲ್ಲಿ ಕೆಲವೆಡೆ ಕೊಚ್ಚಿದ ಮಾಂಸ ಸೇರಿಸುತ್ತಾರೆ. 'ಹೊರಿಸ್ ಕ್ರೇಆಸ್', ಮಾಂಸ ಬೇಡ, ಎಂದು ಮೊದಲೇ ಹೇಳಿ.