ಪುಟ್ಟ ಮಕ್ಕಳಿಗೆ ಲೈಬ್ರರಿಯಿಂದ ಯಾವ ಪುಸ್ತಕ ತರೋದು?

ಕೋಲಾರದ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಲೈಬ್ರರಿಯಲ್ಲಿ ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕ ಕಂಡರೆ ಮೊದಲು ಹಿಂದಿನ ರಟ್ಟು ನೋಡಿ. ಓದಿನ ಹಂತ ಹಾಕಿರುತ್ತಾರೆ, 1ರಿಂದ 4ರವರೆಗೆ. ಮೂರು-ನಾಲ್ಕು ವರ್ಷದವರಿಗೆ ಹಂತ 1 ಸಾಕು. ಪುಟಕ್ಕೆ ಒಂದೆರಡು ಸಾಲು, ಅದೇ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನ ಮಗಳು ಎರಡನೇ ಸಲಕ್ಕೇ ನನಗಿಂತ ಮುಂಚೆ ಹೇಳಿಬಿಡುತ್ತಾಳೆ, ಅದೂ ಪುಸ್ತಕ ತಲೆಕೆಳಗೆ ಹಿಡಿದುಕೊಂಡು! ನೀತಿಕಥೆಯ ದಪ್ಪ ಪುಸ್ತಕ ಈಗಲೇ ಬೇಡ, ಸುಮ್ನೆ ಬೇಜಾರು.

ನಮ್ಮ ಕಡೆ ಮನೆಯಲ್ಲಿ ತೆಲುಗು ಮಾತಾಡುವವರು ಜಾಸ್ತಿ ಅಲ್ವಾ? ಎಷ್ಟೋ ಕಥೆಗಳು ಪ್ರಥಮ್ ಬುಕ್ಸ್‌ನವರದೇ ವೆಬ್‌ಸೈಟ್ ಸ್ಟೋರಿವೀವರ್‌ನಲ್ಲಿ ಎರಡೂ ಭಾಷೆಯಲ್ಲಿ ಪುಕ್ಕಟೆ ಸಿಗುತ್ತವೆ. ಅಜ್ಜಿ ಫೋನಿನಲ್ಲಿ ತೆಲುಗಿನದು ಓದಲಿ, ಮಗು ಕನ್ನಡದ್ದು ಹಿಡಿದುಕೊಂಡು ಚಿತ್ರ ನೋಡಲಿ.