ಪುಟ್ಟ ಮಕ್ಕಳ ಜೊತೆ ಅಲ್ ಐನ್‌ನಲ್ಲಿ ಎರಡು ದಿನ: ಅವಸರವಿಲ್ಲದೆ ಹೋಗಿಬರುವುದು ಹೇಗೆ?

ದುಬೈ, ಶಾರ್ಜಾದಲ್ಲಿರುವ ನಮ್ಮವರಿಗೆ ವಾರದ ರಜೆ ಅಂದರೆ ಹೆಚ್ಚಾಗಿ ಮಾಲ್. ಎಸಿ ಇದೆ, ಆಟದ ಜಾಗ ಇದೆ, ಊಟ ಅಲ್ಲೇ ಸಿಗುತ್ತದೆ. ಆದರೆ ಎರಡರಿಂದ ಆರು ವರ್ಷದ ಮಕ್ಕಳಿಗೆ ಮಣ್ಣು ಮುಟ್ಟಬೇಕು, ಹರಿಯುವ ನೀರು ನೋಡಬೇಕು, ಮರದ ಕೆಳಗೆ ಓಡಬೇಕು. ಊರಿನ ಅಜ್ಜಿ ಮನೆಯಲ್ಲಿ ಅಂಗಳಕ್ಕಿಳಿದರೆ ಸಿಗುವುದನ್ನು ಇಲ್ಲಿ ಹುಡುಕಿಕೊಂಡು ಹೋಗಬೇಕು. ದುಬೈನಿಂದ ಒಂದೂವರೆ ಗಂಟೆ ದೂರದ ಅಲ್ ಐನ್ ಅದಕ್ಕೆ ತುಂಬಾ ಒಳ್ಳೆಯ ಊರು. ಅಬುಧಾಬಿ ಎಮಿರೇಟ್‌ಗೆ ಸೇರಿದ್ದು, ಒಮಾನ್ ಗಡಿಗೆ ತಾಗಿಕೊಂಡಿದೆ.

ಮಕ್ಕಳ ಪ್ರವಾಸ ಕೆಡುವುದು ಜಾಗ ಚೆನ್ನಾಗಿಲ್ಲದೆ ಅಲ್ಲ. ಮಲಗುವ ಹೊತ್ತಿನಲ್ಲಿ ನಡೆಸುತ್ತೇವೆ, ಬಿಸಿಲಲ್ಲಿ ಕ್ಯೂ ನಿಲ್ಲಿಸುತ್ತೇವೆ, ಒಂದೇ ದಿನ ನಾಲ್ಕು ಜಾಗ ತೋರಿಸಲು ಹೊರಡುತ್ತೇವೆ. ಕೆಡುವುದು ಅಲ್ಲಿ. ಮೊದಲು ಮಗು ಮಲಗುವ, ಉಣ್ಣುವ ಹೊತ್ತನ್ನು ಕಾಗದದ ಮೇಲೆ ಬರೆದುಕೊಳ್ಳಿ. ಉಳಿದ ಹೊತ್ತಿಗೆ ಮಾತ್ರ ಜಾಗ ಹುಡುಕಿ.

1. ತಿಂಗಳು ನೋಡಿ, ಆಮೇಲೆ ದಿನ

ನವೆಂಬರ್‌ನಿಂದ ಮಾರ್ಚ್‌ವರೆಗೆ ಹೋಗಿ. ಬೇಸಿಗೆಯಲ್ಲಿ ಅಲ್ ಐನ್ 45 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವುದನ್ನು ಯುಎಇ ಸರ್ಕಾರವೇ ನಿಷೇಧಿಸುತ್ತದೆ. ದುಡಿದು ಗಟ್ಟಿಯಾದ ಮೈಗೇ ಬೇಡ ಎಂದ ಬಿಸಿಲು ಮೂರು ವರ್ಷದ ಮಗುವಿಗೆ ಬೇಕಾ?

2022ರ ಜನವರಿಯಿಂದ ಯುಎಇಯಲ್ಲಿ ಸರ್ಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರ ರಜೆ, ಶುಕ್ರವಾರ ಅರ್ಧ ದಿನ ಕೆಲಸ. ಶಾರ್ಜಾದಲ್ಲಿ ಶುಕ್ರವಾರವೂ ಸೇರಿ ಮೂರು ದಿನ. ಮೂರು ದಿನ ಸಿಕ್ಕರೂ ಪ್ರವಾಸಕ್ಕೆ ಎರಡೇ ದಿನ ಬಳಸಿ, ಇನ್ನೊಂದು ದಿನ ಮನೆಯಲ್ಲಿ ಸುಮ್ನೆ ಇರಿ. ಖಾಸಗಿ ಕಂಪನಿಯಲ್ಲಿದ್ದು ಶನಿವಾರವೂ ಕೆಲಸವಿದ್ದರೆ ರಾತ್ರಿ ತಂಗುವ ಯೋಚನೆ ಬಿಡಿ. ಭಾನುವಾರ ಬೆಳಿಗ್ಗೆ ಓಯಸಿಸ್, ಅಂದರೆ ಊರ ನಡುವಿನ ಖರ್ಜೂರದ ತೋಟ, ಅದೊಂದನ್ನೇ ನೋಡಿ ಬನ್ನಿ.

2. ಅರ್ಧ ದಿನಕ್ಕೆ ಒಂದೇ ಜಾಗ

ಅಲ್ ಐನ್‌ನಲ್ಲಿ ನೋಡಲು ಬೇಕಾದಷ್ಟಿದೆ. 1890ರ ದಶಕದಲ್ಲಿ ಕಟ್ಟಿದ ಅಲ್ ಜಾಹಿಲಿ ಕೋಟೆ, ಒಂಟೆ ಮಾರುಕಟ್ಟೆ, ಹಿಲಿಯ ಕಂಚಿನ ಯುಗದ ಸಮಾಧಿಗಳು, ಜೆಬೆಲ್ ಹಫೀತ್ ಬೆಟ್ಟ. ಇವೆಲ್ಲ ದೊಡ್ಡವರಿಗೆ ಚೆಂದ. ಪುಟ್ಟ ಮಕ್ಕಳಿಗೆ ಎರಡು ಸಾಕು: ಶನಿವಾರ ಮಧ್ಯಾಹ್ನದ ಮೇಲೆ ಮೃಗಾಲಯ, ಭಾನುವಾರ ಬೆಳಿಗ್ಗೆ ಓಯಸಿಸ್. ಮೂರನೆಯದನ್ನು ಸೇರಿಸುವ ಆಸೆ ಬಂದೇ ಬರುತ್ತದೆ, ತಡೆದುಕೊಳ್ಳಿ.

3. ತಂಗುವ ಜಾಗ

ಸ್ಟಾರ್‌ಗಳನ್ನು ಎಣಿಸುವ ಬದಲು ಸಣ್ಣ ಅಡುಗೆಮನೆ ಇದೆಯಾ ಎಂದು ನೋಡಿ. ಹೋಟೆಲ್ ಅಪಾರ್ಟ್‌ಮೆಂಟ್‌ಗಳಲ್ಲಿ ಸ್ಟವ್, ಫ್ರಿಜ್ ಇರುತ್ತವೆ. ರಾತ್ರಿ ಎರಡಕ್ಕೆ ಹಾಲು ಬಿಸಿ ಮಾಡಲು ರಿಸೆಪ್ಷನ್‌ಗೆ ಫೋನ್ ಮಾಡುವ ಕಷ್ಟ ಇಲ್ಲ. ಬುಕ್ ಮಾಡುವಾಗಲೇ ಮಗುವಿಗೆ ಬೇಬಿ ಕಾಟ್ ಬೇಕೆಂದು ಹೇಳಿಬಿಡಿ. ಮಕ್ಕಳದ್ದೂ ಸೇರಿ ಎಲ್ಲರ ಎಮಿರೇಟ್ಸ್ ಐಡಿ ಜೊತೆಗಿರಲಿ.

4. ಕಾರು ಮತ್ತು ದಾರಿ

ಇಲ್ಲಿಯ ಕಾನೂನಿನಂತೆ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಹತ್ತು ವರ್ಷದ ಒಳಗಿನ ಮಕ್ಕಳನ್ನು, 145 ಸೆಂಟಿಮೀಟರ್‌ಗಿಂತ ಕುಳ್ಳಗಿರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸುವಂತಿಲ್ಲ. ನಮ್ಮಲ್ಲಿ ಎಷ್ಟೋ ಜನ "ಅಳ್ತಾ ಇದೆ, ಸ್ವಲ್ಪ ಹೊತ್ತು" ಎಂದು ಮಗುವನ್ನು ತೊಡೆಯ ಮೇಲೆ ತೆಗೆದುಕೊಳ್ಳುತ್ತಾರೆ. ದಯವಿಟ್ಟು ಬೇಡ. ಹೆದ್ದಾರಿಯ ವೇಗದಲ್ಲಿ ಬ್ರೇಕ್ ಹಾಕಿದರೆ ಯಾವ ಅಮ್ಮನ ಕೈಗೂ ಮಗುವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ಅತ್ತರೆ ಪೆಟ್ರೋಲ್ ಪಂಪ್‌ನಲ್ಲಿ ನಿಲ್ಲಿಸಿ, ಇಳಿಸಿ, ಸಮಾಧಾನ ಮಾಡಿ, ಮತ್ತೆ ಸೀಟಿಗೆ ಕೂರಿಸಿ.

ದುಬೈ–ಅಲ್ ಐನ್ ರಸ್ತೆಯ ಸಂಖ್ಯೆ ಇ66. ಶನಿವಾರ ಬೇಗ ಊಟ ಮಾಡಿಸಿ, ಹನ್ನೆರಡರ ಹೊತ್ತಿಗೆ ಹೊರಡಿ. ಮಧ್ಯಾಹ್ನದ ನಿದ್ದೆ ಕಾರಿನಲ್ಲೇ ಆಗುತ್ತದೆ, ತಲುಪುವಾಗ ರೂಮು ಸಿಗುವ ಹೊತ್ತೂ ಹತ್ತಿರ ಬಂದಿರುತ್ತದೆ. ಒಂದು ವಿಷಯ ಚೆನ್ನಾಗಿ ನೆನಪಿಡಿ: ದುಬೈನಲ್ಲಿ ಬೋರ್ಡಿನ ವೇಗದ ಮೇಲೆ ಗಂಟೆಗೆ 20 ಕಿಲೋಮೀಟರ್ ರಿಯಾಯಿತಿ ಇದೆ, ಅಬುಧಾಬಿ ಎಮಿರೇಟ್‌ನಲ್ಲಿ 2018ರಿಂದ ಇಲ್ಲ. ಗಡಿ ದಾಟಿದ ಮೇಲೆ ಬೋರ್ಡಿನಲ್ಲಿ ಇರುವಷ್ಟೇ ವೇಗ. ಚಳಿಗಾಲದ ಬೆಳಿಗ್ಗೆ ದಟ್ಟ ಮಂಜು ಬೀಳುತ್ತದೆ. ಆಗ ಅಬುಧಾಬಿ ಕಡೆ ವೇಗವನ್ನು 80ಕ್ಕೆ ಇಳಿಸುತ್ತಾರೆ, ರಸ್ತೆಯ ಮೇಲಿನ ಎಲೆಕ್ಟ್ರಾನಿಕ್ ಬೋರ್ಡ್ ನೋಡುತ್ತಿರಿ. ಮಧ್ಯಾಹ್ನ ಹೊರಟರೆ ಮಂಜಿನ ಚಿಂತೆಯೂ ಇಲ್ಲ, ಅಲ್ವಾ?

5. ಶನಿವಾರ: ಮೃಗಾಲಯ

ಅಲ್ ಐನ್ ಮೃಗಾಲಯವನ್ನು 1968ರಲ್ಲಿ ಆಗಿನ ಅಬುಧಾಬಿ ದೊರೆ ಶೇಖ್ ಜಾಯೆದ್ ಶುರು ಮಾಡಿದರು. ಜೆಬೆಲ್ ಹಫೀತ್ ಬೆಟ್ಟದ ಬುಡದಲ್ಲಿದೆ, ತುಂಬಾ ದೊಡ್ಡದು. ಎಲ್ಲವನ್ನೂ ನೋಡಿ ಮುಗಿಸುತ್ತೇವೆ ಎಂದುಕೊಳ್ಳಬೇಡಿ. ಜಿರಾಫೆಗೆ ಸೊಪ್ಪು ತಿನ್ನಿಸುವ ಜಾಗ, ಆಡು ಕುರಿಗಳನ್ನು ಹತ್ತಿರದಿಂದ ಮುಟ್ಟಿ ನೋಡುವ ಮಕ್ಕಳ ವಿಭಾಗ, ಇವೆರಡಕ್ಕೇ ಒಂದು ಮಧ್ಯಾಹ್ನ ಕೊಡಿ. ಐದು ವರ್ಷ ದಾಟಿದ ಮಗುವಾದರೆ ಬಿಳಿ ಮೈಯ, ಉದ್ದ ಕೋಡಿನ ಅರೇಬಿಯನ್ ಒರಿಕ್ಸ್ ಮುಂದೆ ಸ್ವಲ್ಪ ನಿಲ್ಲಿ. 1970ರ ದಶಕದ ಆರಂಭಕ್ಕೆ ಈ ಪ್ರಾಣಿ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಮೃಗಾಲಯಗಳಲ್ಲಿ ಸಾಕಿ, ಸಂತತಿ ಬೆಳೆಸಿ, ಮತ್ತೆ ಮರುಭೂಮಿಗೆ ಬಿಟ್ಟರು. ಈ ಕತೆ ಮಕ್ಕಳಿಗೆ ಅರ್ಥವಾಗುತ್ತದೆ, ಇಷ್ಟವೂ ಆಗುತ್ತದೆ.

ತಳ್ಳುಗಾಡಿ ಬಿಟ್ಟು ಹೋಗಬೇಡಿ. ನಾಲ್ಕು ವರ್ಷದ ಮಗುವೂ ಒಂದು ಗಂಟೆಯ ಮೇಲೆ "ಎತ್ಕೋ" ಅನ್ನುತ್ತದೆ. ತೆರೆಯುವ, ಮುಚ್ಚುವ ಹೊತ್ತು ಬೇಸಿಗೆ, ಚಳಿಗಾಲ, ರಂಜಾನ್ ನೋಡಿಕೊಂಡು ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ಸಂಜೆ ಏಳಕ್ಕೆಲ್ಲ ಊಟ, ಎಂಟಕ್ಕೆ ಮಲಗುವುದು. ಮನೆಯ ಹೊದಿಕೆಯನ್ನೇ ತೆಗೆದುಕೊಂಡು ಹೋದರೆ ಹೊಸ ಜಾಗದಲ್ಲೂ ಬೇಗ ನಿದ್ದೆ ಬರುತ್ತದೆ.

6. ಭಾನುವಾರ: ಓಯಸಿಸ್

ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಮಿಸ್ ಮಾಡಬಾರದ್ದು ಇದೇ. ಊರಿನ ನಡುವೆ 1,40,000ಕ್ಕೂ ಹೆಚ್ಚು ಖರ್ಜೂರದ ಮರಗಳ ತೋಟ. ಅವುಗಳ ಕೆಳಗೆ ಮಾವು, ನಿಂಬೆ, ಬಾಳೆ. ಒಳಗೆ ಕಾಲಿಟ್ಟ ತಕ್ಷಣ ಗಾಳಿ ತಂಪಾಗುತ್ತದೆ, ಹಕ್ಕಿಗಳ ದನಿ ಕೇಳುತ್ತದೆ. 2011ರಲ್ಲಿ ಅಲ್ ಐನ್‌ನ ಓಯಸಿಸ್‌ಗಳು ಮತ್ತು ಪುರಾತನ ನೆಲೆಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಯುಎಇಗೆ ಅದೇ ಮೊದಲನೆಯದು.

ತೋಟಕ್ಕೆ ನೀರು ಬರುವುದು 'ಫಲಜ್' ಎಂಬ ಕಾಲುವೆಯಿಂದ. ಬೆಟ್ಟದ ಬುಡದಲ್ಲಿ ನೆಲದೊಳಗಿರುವ ನೀರನ್ನು ಸ್ವಲ್ಪವೇ ಇಳಿಜಾರಿನ ಸುರಂಗದಲ್ಲಿ ಹರಿಸಿ, ತಾನಾಗಿಯೇ ಮೇಲೆ ಕಾಣುವ ಜಾಗದವರೆಗೆ ತರುತ್ತಾರೆ. ಪಂಪ್ ಬೇಡ, ಏತ ಬೇಡ. ಹಿಲಿಯ ಹತ್ತಿರ ಸಿಕ್ಕ ಫಲಜ್ ಸುಮಾರು 3,000 ವರ್ಷ ಹಳೆಯದು. ಪುತ್ತೂರು, ಬಂಟ್ವಾಳ, ಕಾಸರಗೋಡು ಕಡೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ಅಡಿಕೆ ತೋಟಕ್ಕೆ ನೀರು ತರುವ ನಮ್ಮ ಸುರಂಗಗಳು ಇದೇ ಉಪಾಯದಿಂದ ಕೆಲಸ ಮಾಡುತ್ತವೆ. "ನಿನ್ನ ಅಜ್ಜನ ತೋಟದಲ್ಲೂ ಹೀಗೇ ನೀರು ಬರುತ್ತೆ" ಎಂದು ಮಗುವಿಗೆ ತೋರಿಸಲು ಗಲ್ಫಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಬೆಳಿಗ್ಗೆ ತಿಂಡಿ ಮುಗಿಸಿ ಎಂಟೂವರೆ, ಒಂಬತ್ತಕ್ಕೆ ಹೋಗಿ. ದಾರಿ ಸಮತಟ್ಟಾಗಿದೆ, ತಳ್ಳುಗಾಡಿ ಸಲೀಸಾಗಿ ಹೋಗುತ್ತದೆ. ಎರಡೂ ಕಡೆಯ ಗೋಡೆಗಳ ಆಚೆ ಇರುವುದು ಬೇರೆಯವರ ತೋಟ, ಒಳಗೆ ಇಳಿಯಬೇಡಿ, ಹಣ್ಣು ಕೀಳಬೇಡಿ. ಕಾಲುವೆ ಆಳವಿಲ್ಲದಿದ್ದರೂ ಮಗುವಿನ ಕೈ ಬಿಡಬಾರದು. ಮಗು ನೀರಿಗೆ ಎಲೆ ಬಿಟ್ಟು ಅರ್ಧ ಗಂಟೆ ನೋಡುತ್ತಾ ಕೂತರೆ ಕೂರಲಿ. ಮುಂದಿನ ತಿರುವಿನಲ್ಲೂ ಇದೇ ಮರ, ಇದೇ ನೀರು ಇವೆ.

ಇಷ್ಟಾದ ಮೇಲೂ ಮಗು ಲವಲವಿಕೆಯಿಂದ ಇದ್ದರೆ ಮಾತ್ರ ಹಫೀತ್ ಬೆಟ್ಟದ ಬುಡದ ಗ್ರೀನ್ ಮುಬಜ್ಜರಾಗೆ ಹೋಗಿ. ಹುಲ್ಲುಹಾಸಿನ ನಡುವೆ ಬಿಸಿನೀರಿನ ತೊರೆ ಹರಿಯುತ್ತದೆ. ಮಗುವಿನ ಕಾಲು ಇಳಿಸುವ ಮೊದಲು ನಿಮ್ಮ ಕೈಯಿಂದ ಬಿಸಿ ನೋಡಿ. ಬೆಟ್ಟದ ಮೇಲಿನ ರಸ್ತೆಯಲ್ಲಿ ತಿರುವುಗಳು ಬಹಳ, ಹೊಟ್ಟೆ ತುಂಬಿದ ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ. ಅದನ್ನು ಈ ಸಲಕ್ಕೆ ಬಿಡಿ.

7. ಊಟ ಮತ್ತು ಬ್ಯಾಗು

ಇಡ್ಲಿ, ದೋಸೆ ಸಿಗುವ ಹೋಟೆಲ್‌ಗಳು ಅಲ್ ಐನ್‌ನಲ್ಲೂ ಇವೆ. ಆದರೂ ಕೂಲರ್ ಬಾಕ್ಸ್‌ನಲ್ಲಿ ಮೊಸರನ್ನ, ಬಾಳೆಹಣ್ಣು, ಮಾಮೂಲಿಗಿಂತ ಎರಡು ಬಾಟಲಿ ಜಾಸ್ತಿ ನೀರು ಇರಲಿ. ಟೋಪಿ, ಸನ್‌ಸ್ಕ್ರೀನ್, ಒಂದು ಜೊತೆ ಹೆಚ್ಚುವರಿ ಬಟ್ಟೆ, ಜ್ವರದ ಸಿರಪ್. ಚಳಿಗಾಲದ ಸಂಜೆಗೆ ಸ್ವೆಟರ್ ಬೇಕೇ ಬೇಕು, ಮರುಭೂಮಿಯಲ್ಲಿ ಸೂರ್ಯ ಮುಳುಗಿದರೆ ಬೇಗ ಚಳಿಯಾಗುತ್ತದೆ. ಏನಾದರೂ ತರಲು ಎರಡೇ ನಿಮಿಷ ಇಳಿಯುವಾಗಲೂ ಮಗುವನ್ನು ಕಾರಿನಲ್ಲಿ ಬಿಡಬೇಡಿ.

8. ಮಳೆಯ ಮುನ್ಸೂಚನೆ ಇದ್ದರೆ

ಪ್ರವಾಸ ಮುಂದೂಡಿ. 2024ರ ಏಪ್ರಿಲ್ 16ರಂದು ಅಲ್ ಐನ್‌ನ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಬಿತ್ತು. ಒಣಗಿದ ಹಳ್ಳಗಳು, ಇಲ್ಲಿಯವರು ವಾದಿ ಅನ್ನುತ್ತಾರೆ, ದೂರದ ಬೆಟ್ಟದಲ್ಲಿ ಮಳೆಯಾದರೂ ಇದ್ದಕ್ಕಿದ್ದಂತೆ ತುಂಬುತ್ತವೆ. ಬುಕ್ ಮಾಡುವಾಗಲೇ ರದ್ದು ಮಾಡಿದರೆ ಹಣ ಮರಳುವ ರೂಮನ್ನು ಆರಿಸಿಕೊಂಡರೆ ಈ ನಿರ್ಧಾರ ಸುಲಭ.

9. ವಾಪಸ್

ಭಾನುವಾರವೂ ಮಗುವಿನ ನಿದ್ದೆಯ ಹೊತ್ತಿಗೇ ಕಾರು ಹತ್ತಿ. ಮಧ್ಯಾಹ್ನ ಎರಡಕ್ಕೆ ಮನೆ ತಲುಪಿದರೆ ಸ್ಕೂಲ್ ಬ್ಯಾಗ್, ಯೂನಿಫಾರ್ಮ್ ಸಿದ್ಧ ಮಾಡಲು ಸಂಜೆಯಿಡೀ ಇದೆ. ಶುಕ್ರವಾರ ರಾತ್ರಿಯೇ ದೋಸೆ ಹಿಟ್ಟು ರುಬ್ಬಿ ಫ್ರಿಜ್‌ನಲ್ಲಿಟ್ಟು ಹೋಗಿ, ಬಂದ ದಿನ ಯಾರೂ ಅಡುಗೆಗೆ ಹೊತ್ತುಗಟ್ಟಲೆ ನಿಲ್ಲಬೇಕಾಗುವುದಿಲ್ಲ.